ಹೊತ್ತು ಮೀರಿದ ಓಟಗಳು

ಕುಂಟಾಲುಮೂಲೆ
3 ಆಗಸ್ಟ್ 2011

ದೀಪಾ,

ಡಾಕ್ಟರಮ್ಮ ಎಂದು ಈಗಲೇ ಕರೆಯಬೇಕೋ, ಪಿಎಚ್‌ಡಿ ಮುಗಿದ ಮೇಲೆ ಕರೆಯಬೇಕೋ ಗೊತ್ತಾಗದೆ ಬರೀ ದೀಪಾ ಎಂದಿದ್ದೇನೆ. ಎಂಟನೇ ಕ್ಲಾಸಿನಿಂದ ಒಂದೇ ಬೆಂಚಿನಲ್ಲಿ ಕೂತವಳಿಗೆ ಅಷ್ಟು ಸಲಿಗೆ ಇದ್ದೀತು. ಕಾಗದ ನೋಡಿ ಗಾಬರಿಯಾಗಬೇಡ, ಇಲ್ಲಿ ಯಾರಿಗೂ ಏನೂ ಆಗಿಲ್ಲ. ಫೋನು ಮಾಡೋಣವೆಂದರೆ ನಮ್ಮ ಮೂಲೆಯಲ್ಲಿ ರೇಂಜು ಸಿಗಲು ಗುಡ್ಡ ಹತ್ತಬೇಕು. ಹತ್ತಿ ಮಾತಾಡಿದರೆ ನಿನಗೆ ನನ್ನ ಏದುಸಿರು ಬಿಟ್ಟು ಬೇರೇನೂ ಕೇಳಿಸುವುದಿಲ್ಲ.

ಕಳೆದ ಚುನಾವಣೆಯಲ್ಲಿ ನಾನು ವಾರ್ಡ್ ಮೆಂಬರ್ ಆದದ್ದು ನಿನಗೆ ಗೊತ್ತಿದೆ. ಬೀಡಿ ಕಟ್ಟುತ್ತಿದ್ದ ಕೈಗೆ ಈಗ ದಸ್ಕತ್ತು ಹಾಕುವುದೇ ಕೆಲಸ. ಹಾಗೆ ದಸ್ಕತ್ತಿಗೆ ಬಂದ ಒಂದು ಅರ್ಜಿಯ ವಿಷಯಕ್ಕೇ ಬರೆಯುತ್ತಿದ್ದೇನೆ. ನಿನ್ನ ಅಣ್ಣ ಈಶ್ವರಪ್ರಸಾದರು ನಿಮ್ಮ ಮನೆಯ ಮೇಲೆ ಗುಡ್ಡದ ನೆತ್ತಿಯಲ್ಲಿರುವ ಬೋಳು ಪದವನ್ನು ಕೆಂಪುಕಲ್ಲಿನ ಕೋರೆಗೆ ಲೀಸಿಗೆ ಕೊಡಲು ಹೊರಟಿದ್ದಾರೆ. ಜಾಗ ಅವರದು, ಕಲ್ಲು ಅವರದು, ನಾನು ಕೇಳುವಂಥದ್ದು ಏನೂ ಇಲ್ಲ. ಆದರೆ ಆ ಪದವಿನ ಕೆಳಗೇ ನಮ್ಮ ಸುರಂಗ ಇರುವುದು. ನನ್ನ ಅಜ್ಜನ ಕಾಲದಲ್ಲಿ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದದ್ದು. ಸೇದುವ ಕೆಲಸವಿಲ್ಲ, ಪಂಪು ಬೇಡ, ನೀರು ತಾನಾಗಿ ಹರಿದು ಬರುತ್ತದೆ. ಮೂಲೆಯ ಮನೆಗಳೆಲ್ಲ ಕುಡಿಯುವುದು ಅದನ್ನೇ. ಬೇರೆ ನೀರು ನಮಗಿಲ್ಲ.

ಮೇಲೆ ಕಲ್ಲು ಕಡಿದರೆ ಕೆಳಗೆ ನೀರು ಬತ್ತುತ್ತದೆ ಎನ್ನುವವರು ಕೆಲವರು, ಏನೂ ಆಗುವುದಿಲ್ಲ ಎನ್ನುವವರು ಕೆಲವರು. ಕೋರೆ ಬಂದರೆ ಗಂಡಸರಿಗೆ ಕೆಲಸವಾಗುತ್ತದೆ ಎಂಬ ಆಸೆ ಎಲ್ಲರಿಗೂ ಇದೆ. ಲಾರಿ ಓಡಿಸುವ ನನ್ನ ಗಂಡನಿಗೂ ಇದೆ. ಕಡೆಗೆ ನಿನ್ನ ಅಣ್ಣನನ್ನೇ ಕೇಳಿದೆ. "ನಮ್ಮ ದೀಪ ಇದನ್ನೇ ಅಲ್ವಾ ಓದುವುದು? ಅವಳು ಹೇಳಿದ ಹಾಗೆ ಮಾಡುವ" ಎಂದರು. ಅವರ ಮಾತಿನಲ್ಲಿ ಕಪಟ ಕಾಣಲಿಲ್ಲ.

ಸರಿ, ನಾನೂ ನೀನು ಹೇಳಿದ ಹಾಗೆಯೇ ಮಾಡುತ್ತೇನೆ. ವಾರ್ಡ್ ಮೆಂಬರ್ ಬೇಡ ಎಂದರೆ ಪಂಚಾಯತಿ ಬೋರ್ಡು ಸುಲಭಕ್ಕೆ ಅನುಮತಿ ಕೊಡುವುದಿಲ್ಲ, ಆಗಲಿ ಎಂದರೆ ತಡೆಯುವವರಿಲ್ಲ. ಕೋರೆ ಬಂದರೆ ನಮ್ಮ ಸುರಂಗ ಬತ್ತುತ್ತದೋ ಇಲ್ಲವೋ? ಆ ಮನೆಯ ಮಗಳಾಗಿ ಅಲ್ಲ, ನನ್ನ ಬೆಂಚಿನವಳಾಗಿ ಹೇಳು.

ಸೀಲು ಒತ್ತದೆ ಬರೆದ,
ಲೋಲಾಕ್ಷಿ

*

ಕಲ್ಲಿಕೋಟೆ
19 ಆಗಸ್ಟ್ 2011

ಪ್ರೀತಿಯ ಲೋಲಾ,

ನಿನ್ನ ಅಕ್ಷರ ಇನ್ನೂ ಹಾಗೆಯೇ ಬಲಕ್ಕೆ ಬಾಗಿಕೊಂಡಿದೆ. ಹಾಸ್ಟೆಲಿನಲ್ಲಿ ಕಾಗದ ಬಂದಿದೆ ಎಂದಾಗ ಎಲ್ಲರೂ ಬ್ಯಾಂಕಿನ ನೋಟೀಸು ಎಂದುಕೊಂಡರು. ಈಗ ಕಾಗದ ಬರುವುದು ಅಂಥದ್ದಕ್ಕೆ ಮಾತ್ರ.

ನೀನು ಕೇಳಿದ್ದಕ್ಕೆ ಈಗಲೇ ಹೌದು, ಅಲ್ಲ ಎಂದು ಹೇಳಲಾರೆ. ಹೇಗೆ ನೋಡುತ್ತೇನೆ ಎಂದು ಹೇಳುತ್ತೇನೆ. ನಾನು ಗುಡ್ಡ ಅಗೆಯುವುದಿಲ್ಲ. ಕಂಪ್ಯೂಟರಿನೊಳಗೆ ನಮ್ಮ ಗುಡ್ಡದ ಹಾಗೆಯೇ ಇನ್ನೊಂದು ಗುಡ್ಡ ಕಟ್ಟುತ್ತೇನೆ. ಮೇಲೆ ಕಲ್ಲು, ಅಡಿಯಲ್ಲಿ ಜೇಡಿ, ನಡುವೆ ನಿಮ್ಮ ಸುರಂಗ. ಅದರ ಮೇಲೆ ಒಂದು ವರ್ಷದ ಮಳೆ ಸುರಿಸಿ, ಬೇಸಿಗೆ ಕಳೆಸಿ, ಸುರಂಗದ ಬಾಯಿಯಲ್ಲಿ ಎಷ್ಟು ನೀರು ಬಂತೆಂದು ನೋಡುವುದು. ಇದನ್ನು ನಾವು ಒಂದು ಓಟ ಎನ್ನುತ್ತೇವೆ. ಮಳೆ ಹೆಚ್ಚಾದ ವರ್ಷ, ಕಡಿಮೆಯಾದ ವರ್ಷ, ಕಲ್ಲನ್ನು ಅರ್ಧ ಕಡಿದರೆ, ಪೂರ್ತಿ ಕಡಿದರೆ, ಹೀಗೆ ಬೇರೆ ಬೇರೆ ಓಟ ನೂರಾರು ಬೇಕು.

ಕಷ್ಟ ಇರುವುದು ಬೇರೆ ಕಡೆ. ಲ್ಯಾಬಿನಲ್ಲಿ ದೊಡ್ಡ ಕಂಪ್ಯೂಟರ್ ಒಂದೇ, ಕಾಯುವವರು ಬಹಳ. ಕೆಲವು ಓಟ ಹತ್ತು ನಿಮಿಷದಲ್ಲಿ ಮುಗಿದರೆ ಕೆಲವು ದಿನವಿಡೀ ಕೂತಲ್ಲಿಂದ ಏಳುವುದಿಲ್ಲ. ಹಿಂದೆ ಕಾದವರು ನನಗೆ ಬೈಯುತ್ತಾರೆ. ಅದಕ್ಕೊಂದು ಉಪಾಯ ಮಾಡಿದೆ. ಗೋಡೆಯ ಗಡಿಯಾರದಲ್ಲಿ ಎರಡು ಗಂಟೆ ಕಳೆದರೂ ಮುಗಿಯದ ಓಟವನ್ನು ಕಂಪ್ಯೂಟರೇ ನಿಲ್ಲಿಸಿ, ತಾನಾಗಿ ಮುಂದಿನದನ್ನು ಶುರು ಮಾಡುವ ಹಾಗೆ ಸಣ್ಣದೊಂದು ಪ್ರೋಗ್ರಾಂ ಬರೆದೆ. ಈಗ ಯಾರೂ ಕಾವಲು ಕೂರಬೇಕಾಗಿಲ್ಲ. ನಮ್ಮ ಸರ್ ಮೆಚ್ಚಿಕೊಂಡು ಬೇರೆಯವರಿಗೂ ಅದನ್ನೇ ಬಳಸಲು ಹೇಳಿದರು. ನನಗೆ ಸ್ವಲ್ಪ ಜಂಬ ಬಂದಿದೆ, ನಿನ್ನ ಹತ್ತಿರ ಮುಚ್ಚುವುದೇಕೆ.

ಓಣಂ ರಜೆಯಲ್ಲಿ ಬಂದು ಸುರಂಗದ ಅಳತೆ ತೆಗೆಯುತ್ತೇನೆ. ಅಣ್ಣನಿಗೂ ಹಾಗೆಯೇ ಬರೆದಿದ್ದೇನೆ. ಅವನ ಪರವಾಗಿಯೂ ಅಲ್ಲ, ನಿನ್ನ ಪರವಾಗಿಯೂ ಅಲ್ಲ, ಲೆಕ್ಕ ಹೇಳಿದ್ದನ್ನೇ ಹೇಳುತ್ತೇನೆ.

ನಿನ್ನ ಬೆಂಚಿನವಳು,
ದೀಪಾ

*

ಕಲ್ಲಿಕೋಟೆ
28 ನವೆಂಬರ್ 2011

ಪ್ರೀತಿಯ ಲೋಲಾ,

ಒಳ್ಳೆಯ ಸುದ್ದಿ. ಓಟಗಳೆಲ್ಲ ಮುಗಿದವು. ಕೋರೆ ಬಂದರೆ ನಿಮ್ಮ ಸುರಂಗದ ನೀರು ಸ್ವಲ್ಪ ಸಣ್ಣಗಾಗುತ್ತದೆ, ಆದರೆ ಬತ್ತುವುದಿಲ್ಲ. ಕಡು ಬೇಸಿಗೆಯಲ್ಲಿಯೂ ಕುಡಿಯುವಷ್ಟು ಇರುತ್ತದೆ. ಸರ್ ನೋಡಿ ದಸ್ಕತ್ತು ಹಾಕಿದ್ದಾರೆ. ವರದಿಯ ಒಂದು ಪ್ರತಿ ಅಣ್ಣನಿಗೆ, ಒಂದು ಪಂಚಾಯತಿಗೆ ಕಳಿಸಿದ್ದೇನೆ. ನಿನಗೆ ಅದರ ಸಾರವನ್ನು ಕನ್ನಡದಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ, ಸಭೆಯಲ್ಲಿ ಓದಲು ಸುಲಭವಾಗಲಿ.

ನಿಜ ಹೇಳಬೇಕೆಂದರೆ ನನಗೆ ಹಗುರವಾಯಿತು. ಬತ್ತುತ್ತದೆ ಎಂದು ಬಂದಿದ್ದರೆ ಅಣ್ಣನ ಮುಖ ನೋಡುವುದು ಹೇಗೆ ಎಂದು ಯೋಚನೆಯಿತ್ತು. ನಿನಗೂ ನೀರು ಉಳಿಯಿತು, ಅವನಿಗೂ ಕೆಲಸವಾಯಿತು, ಮೂಲೆಯ ಗಂಡಸರಿಗೆ ಮನೆಯ ಹತ್ತಿರವೇ ದುಡಿಮೆಯೂ ಆಯಿತು. ಹೀಗೆ ಎಲ್ಲರಿಗೂ ಒಳ್ಳೆಯದಾಗುವುದು ಅಪರೂಪ. ಥೀಸಿಸನ್ನು ಮಾರ್ಚಿನೊಳಗೆ ಒಪ್ಪಿಸಿ ಜೂನಿನಲ್ಲಿ, ರಜೆ ಹಾಕಿ ಬಂದ ಕಾಲೇಜಿನ ಪಾಠದ ಕೆಲಸಕ್ಕೆ ಮರಳುತ್ತೇನೆ.

ನೆಮ್ಮದಿಯಿಂದ,
ದೀಪಾ

*

ಕುಂಟಾಲುಮೂಲೆ
17 ಡಿಸೆಂಬರ್ 2011

ದೀಪಾ,

ನಿನ್ನ ಕಾಗದ ಓದಿ ನನ್ನ ಗಂಡ ಹಬ್ಬದ ದಿನದ ಹಾಗೆ ಬೆಳಿಗ್ಗೆಯೇ ಮಿಂದು ಹೊಸ ಅಂಗಿ ಹಾಕಿಕೊಂಡ. ಮೊನ್ನೆ ಗ್ರಾಮಸಭೆಯಲ್ಲಿ ನಾನೇ ಎದ್ದು ನಿಂತು ನೀನು ಬರೆದದ್ದನ್ನು ಓದಿದೆ. "ಇದನ್ನು ಬರೆದವಳು ನಮ್ಮ ಊರಿನ ಹುಡುಗಿ, ಅವಳ ಮಾತಿಗೆ ನಾನು ಜವಾಬು" ಎಂದೆ. ಜನ ತಲೆದೂಗಿದರು. ಫೆಬ್ರವರಿಯ ಬೋರ್ಡ್ ಮೀಟಿಂಗಿನಲ್ಲಿ ಕೊನೆಯ ದಸ್ಕತ್ತು ಹಾಕುವುದೊಂದು ಬಾಕಿ.

ಆ ಸಭೆಯ ಒಂದು ತಮಾಷೆ ಕೇಳು. ನಮ್ಮಲ್ಲಿ ಮಾತಿಗೆ ನಿಂತವರು ಕೂರುವುದಿಲ್ಲ, ಅದು ನಿನಗೂ ಗೊತ್ತು. ಅದಕ್ಕೆ ಈ ಸಲ ಮೇಜಿನ ಮೇಲೆ ಬೆಲ್ ತಂದಿಟ್ಟಿದ್ದರು. ಒಬ್ಬೊಬ್ಬರಿಗೆ ಮೂರು ನಿಮಿಷ, ಆಮೇಲೆ ಟಿಣ್. ಒಳ್ಳೆಯದೇ ಆಯಿತೆಂದು ಮೊದಲು ಚಪ್ಪಾಳೆ ತಟ್ಟಿದವಳು ನಾನೇ. ಮಲಯಾಳ ನೀರಿನ ಹಾಗೆ ಬರುವವರು ಒಂದೇ ನಿಮಿಷದಲ್ಲಿ ದಾರಿದೀಪ ಕೇಳಿ ಕೂತರು. ಆಮೇಲೆ ನಮ್ಮ ಪೂವಪ್ಪಜ್ಜ ಎದ್ದರು. ಸೆಕ್ರೆಟರಿ ತೆಂಕು ಕೇರಳದ ಕಡೆಯವರು, ತುಳುವೂ ಕನ್ನಡವೂ ತಿಳಿಯದು. ಮರ್ಯಾದೆಗೆಂದು ಅಜ್ಜ ಮಲಯಾಳದಲ್ಲಿ ಹೇಳಲು ಹೊರಟರು. ಒಂದು ಮಾತು ತುಳುವಿನಲ್ಲಿ ಯೋಚಿಸಿ, ಕನ್ನಡಕ್ಕೆ ತಂದು, ಮತ್ತೆ ಮಲಯಾಳಕ್ಕೆ ದಾಟಿಸಬೇಕು. ಅಜ್ಜನ ಅಪ್ಪ ಗುಡ್ಡಕ್ಕೆ ಬಂದದ್ದು ಹೇಗೆ ಎಂಬಲ್ಲಿಗೆ ಬರುವಾಗ ಟಿಣ್. ಎಲ್ಲರೂ ನಕ್ಕರು, ನಾನೂ ನಕ್ಕೆ. ನಡಾವಳಿಯಲ್ಲಿ ಬರೆದದ್ದು, "ಪೂವಪ್ಪ ಮಾತಾಡಿದರು, ಆಕ್ಷೇಪ ಇಲ್ಲ."

ಹೊರಗೆ ಬಂದಾಗ ಅಜ್ಜ ನನ್ನನ್ನು ನಿಲ್ಲಿಸಿದರು. "ಅಲ್ಲ ಮಗಾ, ನಾನು ನೀರಿನ ವಿಷಯಕ್ಕೆ ಬಂದೇ ಇಲ್ಲ. ಆಕ್ಷೇಪ ಇಲ್ಲ ಅಂತ ಬರೆದದ್ದು ಹೇಗೆ?" ಎಂದರು. ಹೇಳಲು ಹೊರಟದ್ದು ಇಷ್ಟೇ. ಅವರು ಯುವಕನಾಗಿದ್ದಾಗ ಒಂದು ವರ್ಷ ಮಳೆ ಕೈಕೊಟ್ಟಿತ್ತಂತೆ, ಆಗ ನಮ್ಮ ಸುರಂಗದ ನೀರು ನೂಲಿನಷ್ಟಾಗಿತ್ತಂತೆ. ಮೇಲೆ ಕಲ್ಲು ಇದ್ದಾಗಲೇ ಹಾಗೆ. "ಅಂಥ ವರ್ಷ ಇನ್ನೊಂದು ಬಂದರೆ ಎಂತ ಮಾಡುವುದು?" ಎಂದು ಕೇಳಬೇಕಾಗಿತ್ತಂತೆ.

ನಾನು ಮನೆಗೆ ಬಂದು ನಿನ್ನ ಬರಹವನ್ನು ಪುನಃ ಓದಿದೆ. ಮಳೆ ಕಡಿಮೆಯಾದ ವರ್ಷದ ಮಾತು ಅದರಲ್ಲಿ ಕಾಣಲಿಲ್ಲ. ಎರಡು ಗಂಟೆ ಮೀರಿದ್ದನ್ನು ನಿಲ್ಲಿಸುತ್ತೇನೆ ಎಂದು ಆಗಸ್ಟಿನಲ್ಲಿ ಬರೆದಿದ್ದೆಯಲ್ಲ, ಅವುಗಳ ಮಾತೂ ಕಾಣಲಿಲ್ಲ. ನನಗೆ ಇದೆಲ್ಲ ತಿಳಿಯುವುದಿಲ್ಲ ಮಾರಾಯ್ತಿ, ತಪ್ಪು ತಿಳಿಯಬೇಡ. ಸುಮ್ಮನೆ ಕೇಳುತ್ತೇನೆ, ನಡುವಿನಲ್ಲಿ ನಿಲ್ಲಿಸಿದ ಆ ಓಟಗಳು ಎಲ್ಲಿ ಹೋದವು? ಅವೂ ಆಕ್ಷೇಪ ಇಲ್ಲದವುಗಳ ಜೊತೆ ಸೇರಿದವೋ?

ಪೂವಪ್ಪಜ್ಜನ ಬೈಗುಳ ತಿಂದ,
ಲೋಲಾಕ್ಷಿ

*

ಕಲ್ಲಿಕೋಟೆ
2 ಜನವರಿ 2012

ಲೋಲಾ,

ರಜೆ ಮುಗಿಸಿ ಬಂದು ಇವತ್ತು ನಿನ್ನ ಕಾಗದ ನೋಡಿದೆ. ಹೆಚ್ಚು ಬರೆಯುವ ಸ್ಥಿತಿಯಲ್ಲಿ ಇಲ್ಲ. ನಾನು ಮತ್ತೆ ಬರೆಯುವವರೆಗೆ ಕೊನೆಯ ದಸ್ಕತ್ತು ಹಾಕಬೇಡ. ಯಾರು ಒತ್ತಾಯಿಸಿದರೂ ಹಾಕಬೇಡ.

ದೀಪಾ

*

ಕಲ್ಲಿಕೋಟೆ
25 ಜನವರಿ 2012

ಲೋಲಾ,

ನನ್ನ ವರದಿ ತಪ್ಪು. ಕೋರೆ ಬಂದರೆ, ಮಳೆ ಕಡಿಮೆಯಾದ ವರ್ಷ ನಿಮ್ಮ ಸುರಂಗ ಬತ್ತುತ್ತದೆ. ಸುಗ್ಗಿ ತಿಂಗಳು ಮುಗಿಯುವ ಮೊದಲೇ, ಅಂದರೆ ಏಪ್ರಿಲ್ ನಡುವಿಗೂ ಮುಂಚೆ ಬತ್ತುತ್ತದೆ, ಮತ್ತೆ ಮಳೆ ಹಿಡಿಯುವವರೆಗೆ ಒಂದು ಹನಿ ಬರುವುದಿಲ್ಲ. ಇದನ್ನು ಮೊದಲು ಹೇಳಿಬಿಡುತ್ತೇನೆ, ಉಳಿದದ್ದನ್ನು ಆಮೇಲೆ ಓದು.

ನೀನು ಕೇಳಿದ ಪ್ರಶ್ನೆಯನ್ನು ನಾನೇ ಕೇಳಿಕೊಳ್ಳಬೇಕಾಗಿತ್ತು. ನಿಲ್ಲಿಸಿದ ಓಟಗಳು ಎಲ್ಲಿಯೂ ಹೋಗಲಿಲ್ಲ, ಲೆಕ್ಕಕ್ಕೇ ಬರಲಿಲ್ಲ. ಉತ್ತರ ಕೊಟ್ಟ ಓಟಗಳನ್ನು ಮಾತ್ರ ಒಟ್ಟು ಮಾಡಿ, ಎಲ್ಲದರಲ್ಲಿಯೂ ನೀರು ಇದೆ ಎಂದು ಬರೆದೆ. ಸುಳ್ಳು ಬರೆಯಲಿಲ್ಲ, ಉತ್ತರ ಕೊಟ್ಟವುಗಳಲ್ಲೆಲ್ಲ ನೀರು ಇತ್ತು. ಈಗ ಹಿಂದೆ ಹೋಗಿ ನಿಂತುಹೋದವು ಯಾವುವು ಎಂದು ನೋಡಿದೆ. ಹೆಚ್ಚಿನವು ಮಳೆ ಕೈಕೊಟ್ಟ ವರ್ಷದವು, ಅದರಲ್ಲಿಯೂ ಕಲ್ಲನ್ನು ಪೂರ್ತಿ ಕಡಿದವು.

ಅದು ಆಕಸ್ಮಿಕ ಅಲ್ಲ. ಗುಡ್ಡದೊಳಗೆ ನೀರು ಧಾರಾಳವಾಗಿ ಇದ್ದರೆ ಲೆಕ್ಕ ಸಲೀಸಾಗಿ ಓಡುತ್ತದೆ. ನೀರು ತೀರಾ ಇಳಿದು, ಈ ಜಾಗದಲ್ಲಿ ಇದೆಯೋ ಇಲ್ಲವೋ ಎಂಬಲ್ಲಿಗೆ ಬಂದಾಗ ಕಂಪ್ಯೂಟರ್ ತಡವರಿಸುತ್ತದೆ. ಇದೆ ಎಂದು ಲೆಕ್ಕ ಹಾಕುತ್ತದೆ, ತಾಳೆಯಾಗುವುದಿಲ್ಲ. ಇಲ್ಲ ಎಂದು ಹಾಕುತ್ತದೆ, ಅದೂ ತಾಳೆಯಾಗುವುದಿಲ್ಲ. ಮತ್ತೆ ಹಿಂದೆ ಹೋಗಿ ಚಿಕ್ಕ ಚಿಕ್ಕ ಹೆಜ್ಜೆಯಲ್ಲಿ ಬರುತ್ತದೆ. ಅಂದರೆ ನಿಮ್ಮ ಸುರಂಗ ಯಾವ ವರ್ಷ ಒಣಗುತ್ತದೋ ಆ ವರ್ಷದ ಓಟವೇ ನಿಧಾನ. ನಾನು ಅವನ್ನು ಸೋಮಾರಿಗಳೆಂದು ಎಬ್ಬಿಸಿ ಕಳಿಸಿದ್ದೆ.

ಬೇರೆ ವಿಭಾಗದಲ್ಲಿ ಯಾರೂ ಮುಟ್ಟದ ಹಳೆಯ ಕಂಪ್ಯೂಟರ್ ಒಂದಿತ್ತು. ಬೇಡಿ ತೆಗೆದುಕೊಂಡು, ನಿಂತುಹೋದವುಗಳನ್ನೆಲ್ಲ ಅದರಲ್ಲಿ ಸಮಯದ ಮಿತಿ ಇಲ್ಲದೆ ಓಡಿಸಿದೆ. ಕೆಲವಕ್ಕೆ ಮೂರು ದಿನ ಬೇಕಾಯಿತು, ಒಂದೆರಡು ಇನ್ನೂ ಓಡುತ್ತಿವೆ. ಮುಗಿದವುಗಳ ಉತ್ತರ ಒಂದೇ. ಅದೇ ಓಟಗಳಲ್ಲಿ ನಮ್ಮ ಮನೆಯ ಸುರಂಗವನ್ನೂ ನೋಡಿದೆ. ಅದು ಗುಡ್ಡದ ಆಚೆ ಮಗ್ಗುಲಿನಲ್ಲಿದೆ, ಅದಕ್ಕೆ ಏನೂ ಆಗುವುದಿಲ್ಲ. ಇದನ್ನು ನಿನ್ನಿಂದ ಮುಚ್ಚಿಡಬಾರದೆಂದು ಬರೆಯುತ್ತಿದ್ದೇನೆ.

ಸಮಯದ ಮಿತಿ ಇಟ್ಟದ್ದೇ ತಪ್ಪೆಂದು ನನಗೆ ಈಗಲೂ ಅನಿಸುವುದಿಲ್ಲ. ಮಿತಿ ಇಲ್ಲದಿದ್ದರೆ ಆ ಲ್ಯಾಬಿನಲ್ಲಿ ಯಾರ ಕೆಲಸವೂ ಮುಗಿಯುತ್ತಿರಲಿಲ್ಲ. ಆದರೆ ನಿಲ್ಲಿಸಿದವುಗಳನ್ನು ಏಕೆ ನಿಂತಿರಿ ಎಂದು ನಾನು ಒಮ್ಮೆಯೂ ಕೇಳಲಿಲ್ಲ.

ಸರ್ ಹತ್ತಿರ ಹೇಳಿದೆ. ಥೀಸಿಸಿನಲ್ಲಿ ಒಂದು ಟಿಪ್ಪಣಿ ಸೇರಿಸಿದರೆ ಸಾಕು, ಪಂಚಾಯತಿಗೆ ಕೊಟ್ಟದ್ದನ್ನು ಕೆದಕುವುದು ಬೇಡ ಎಂದರು. ಕೆದಕಿದರೆ ಎಲ್ಲವನ್ನೂ ಮೊದಲಿನಿಂದ ಮಾಡಬೇಕು, ಇನ್ನೊಂದು ವರ್ಷ ಬೇಕು, ಜೂನಿಗೆ ನನ್ನ ರಜೆ ಮುಗಿಯುತ್ತದೆ. ಅಣ್ಣನಿಗೆ ಫೋನು ಮಾಡಿದೆ. ನಮ್ಮ ಮನೆಮಾತಿನಲ್ಲೇ, "ತಪ್ಪಾದರೆ ಆತು, ಅದರ ಊರಿಂಗೆಲ್ಲ ಹೇಳಿಗೊಂಡು ಬರೆಕಾ?" ಎಂದ.

ವರದಿಯನ್ನು ಹಿಂದಕ್ಕೆ ಪಡೆಯುತ್ತೇನೆ ಎಂದು ಪಂಚಾಯತಿಗೆ ಇವತ್ತೇ ಬರೆದು ಹಾಕಿದ್ದೇನೆ. ನೀನು ನನ್ನ ಮಾತಿಗೆ ಜವಾಬು ಎಂದಿದ್ದೆ. ನಿನ್ನನ್ನು ಆ ಸ್ಥಿತಿಗೆ ತಂದದ್ದಕ್ಕೆ ನನಗೆ ಬಹಳ ದುಃಖವಾಗಿದೆ.

ತಲೆ ತಗ್ಗಿಸಿ,
ದೀಪಾ

*

ಕುಂಟಾಲುಮೂಲೆ
6 ಫೆಬ್ರವರಿ 2012

ದೀಪಾ,

ನಿನಗೇನು, ಅಲ್ಲಿ ಕೂತು ಇದು ತಪ್ಪು, ಅದು ಸರಿ ಎಂದು ಬರೆದರಾಯಿತು. ಇಲ್ಲಿ ಬೀದಿಗೆ ಇಳಿಯಬೇಕಾದವಳು ನಾನು. ಡಿಸೆಂಬರಿನಲ್ಲಿ ನೀರು ಬತ್ತುವುದಿಲ್ಲ ಎಂದು ಓದಿದ ಬಾಯಿಯಲ್ಲೇ ಈಗ ಬತ್ತುತ್ತದೆ ಎಂದು ಓದಬೇಕು. "ಮೆಂಬರಿಗೆ ನಾಲಿಗೆ ಎಷ್ಟು ಉಂಟು?" ಎಂದು ಪೆರ್ಲದ ಬಸ್ಸಿನಲ್ಲಿ ಒಬ್ಬ ಎಲ್ಲರಿಗೂ ಕೇಳುವ ಹಾಗೆ ಕೇಳಿದ. ಕೋರೆಯ ಕೆಲಸ ನೆಚ್ಚಿಕೊಂಡವರು ಮುಖ ತಿರುಗಿಸುತ್ತಾರೆ. ನನ್ನ ಗಂಡ ಆ ಹೊಸ ಅಂಗಿಯನ್ನು ಮಡಚಿ ಇಟ್ಟಿದ್ದಾನೆ.

ಜನ ಇನ್ನೊಂದನ್ನೂ ಹೇಳುತ್ತಾರೆ, ಅದನ್ನೂ ಬರೆಯುತ್ತೇನೆ. ಮೊದಲು ಅಣ್ಣನಿಗೆ ಬೇಕಾದ ಹಾಗೆ ಬರೆದುಕೊಟ್ಟಳು, ಈಗ ಪಾಲಿನ ಜಗಳ ಬಂದಿರಬೇಕು, ಅದಕ್ಕೆ ತಿರುಗಿಸಿ ಬರೆದಳು ಎಂದು. ನಾನು ಅವರ ಜೊತೆ ಜಗಳವಾಡಿದೆ. ಆದರೆ ನಿನ್ನ ಕಾಗದ ಬಂದ ದಿನ, ನಿಮ್ಮ ಸುರಂಗಕ್ಕೆ ಏನೂ ಆಗುವುದಿಲ್ಲ ಎಂಬಲ್ಲಿ ಓದುವಾಗ, ನನಗೂ ಒಮ್ಮೆ ಹಾಗೇ ಅನಿಸಿತು. ಅನಿಸಿದ್ದನ್ನು ಅನಿಸಲಿಲ್ಲ ಎಂದು ಬರೆಯಲು ನನಗೆ ಬರುವುದಿಲ್ಲ.

ಬೋರ್ಡಿನಲ್ಲಿ ನಾನು ದಸ್ಕತ್ತು ಹಾಕಲಿಲ್ಲ. ಗಲಾಟೆ ಮಾಡಿ ಮಾರ್ಚಿಗೆ ಇನ್ನೊಂದು ಗ್ರಾಮಸಭೆ ಕರೆಸಿದ್ದೇನೆ. ನಿನ್ನ ಕಾಗದವನ್ನು ಈ ಸಲ ನಾನು ಓದುವುದಿಲ್ಲ. ಹೇಳಬೇಕಾದವಳು ನೀನು. ಬಂದು, ಜನರ ಎದುರು, ನಿನ್ನ ಅಣ್ಣನ ಎದುರು ಹೇಳು. ಬಾರದೆ ಹೋದರೆ ಬೋರ್ಡಿನವರು ಹಳೆಯ ವರದಿಯನ್ನೇ ಹಿಡಿದುಕೊಂಡು ಅನುಮತಿ ಕೊಡುತ್ತಾರೆ. ನಮ್ಮ ಮನೆಗಳ ಎದುರಿನ ಕೊಳಾಯಿ ಒಣಗಿದ ದಿನ ನಾನು ನಿನಗೆ ಕಾಗದವನ್ನೂ ಬರೆಯುವುದಿಲ್ಲ.

ಲೋಲಾಕ್ಷಿ

*

ಕಲ್ಲಿಕೋಟೆ
19 ಮಾರ್ಚ್ 2012

ಲೋಲಾ,

ಸಭೆಯಲ್ಲಿ ನಡೆದದ್ದು ನಿನ್ನ ಕಣ್ಣೆದುರೇ ನಡೆಯಿತು. ಆದರೂ ಒಂದು ಮಾತು. ನನ್ನದು ಮುಗಿದ ಮೇಲೆ ಪೂವಪ್ಪಜ್ಜ ಎದ್ದಾಗ ನೀನು ಮೇಜಿನ ಹತ್ತಿರ ಹೋಗಿ, "ಬೆಲ್ಲಿಗೆ ಕೈ ಹಾಕಬೇಡಿ, ಅವರು ತುಳುವಿನಲ್ಲೇ ಹೇಳಲಿ, ಬೇಕಾದರೆ ನಾನು ಮಲಯಾಳ ಮಾಡ್ತೇನೆ" ಎಂದೆಯಲ್ಲ, ಆಗ ನನಗೆ ಅಳು ಬಂತು. ಅಜ್ಜ ತಮಗೆ ಬೇಕಾದಷ್ಟು ಹೊತ್ತು ತೆಗೆದುಕೊಂಡರು. ನಡುವೆ ಎಲೆ ಅಡಿಕೆಗೂ ನಿಲ್ಲಿಸಿದರು. ಜನ ಆಕಳಿಸಿದರೂ ಎದ್ದು ಹೋಗಲಿಲ್ಲ.

ನನ್ನ ಮಾತು ನಾನಂದುಕೊಂಡಷ್ಟು ಚೆನ್ನಾಗಿ ಬರಲಿಲ್ಲ. ತಪ್ಪಾದದ್ದು ಹೇಗೆ ಎಂದು ವಿವರಿಸಲು ಹೋದಾಗ ಹಿಂದಿನಿಂದ ಯಾರೋ, "ಅದೆಲ್ಲ ಬೇಡ ಟೀಚರೇ, ನೀರು ಉಂಟಾ ಇಲ್ವಾ ಹೇಳಿ" ಎಂದರು. ಇಲ್ಲ ಎಂದೆ. ಹೇಳುವಾಗ ಅಣ್ಣನ ಕಡೆ ನೋಡಿದೆ. ಅವನು ನೆಲ ನೋಡುತ್ತಿದ್ದ.

ನೀನು ನೋಡದ್ದು ಆಮೇಲಿನದು. ಸಭೆ ಬಿಟ್ಟು ಮನೆಗೆ ಹೋದೆ. ಅಣ್ಣ ನನಗಿಂತ ಮೊದಲು ಬಂದು ಜಗಲಿಯಲ್ಲಿ ಕೂತಿದ್ದ. ಸಿಟ್ಟಿನ ಸ್ವರ ಇರಲಿಲ್ಲ. "ನೀನು ಇನ್ನು ಇತ್ಲಾಗಿ ಬಪ್ಪದು ಬೇಡ" ಎಂದ, ಅಷ್ಟೇ. ಅತ್ತಿಗೆ ಬಾಗಿಲಲ್ಲಿ ನಿಂತಿದ್ದರು, ಒಳಗೆ ಬಾ ಎನ್ನಲೂ ಇಲ್ಲ, ಹೋಗು ಎನ್ನಲೂ ಇಲ್ಲ. ಚಪ್ಪಲಿ ಕಳಚಿರಲಿಲ್ಲ, ಹಾಗೆಯೇ ಪೆರ್ಲದವರೆಗೆ ನಡೆದು ಬಸ್ಸು ಹಿಡಿದೆ. ಅಣ್ಣ ಕೆಟ್ಟವನಲ್ಲ. ಅಪ್ಪ ಹೋದ ಮೇಲೆ ನನ್ನನ್ನು ಓದಿಸಿದವನು ಅವನೇ. ಅದನ್ನು ನೆನೆದರೆ ಹೆಚ್ಚು ಸಂಕಟವಾಗುತ್ತದೆ.

ಜೂನಿನ ಕೆಲಸ ಕೈ ತಪ್ಪಿದ ಹಾಗೆಯೇ. ಕಾಲೇಜಿನವರು ರಜೆ ಮುಂದುವರಿಸುವುದಿಲ್ಲ ಎಂದರು. ಸರ್ ಮಾತ್ರ ಸ್ವಲ್ಪ ಮೆತ್ತಗಾಗಿದ್ದಾರೆ, ಮೊದಲಿನಿಂದ ಮಾಡು ಎಂದಿದ್ದಾರೆ. ಮಾಡುತ್ತೇನೆ. ಎರಡು ಗಂಟೆಯ ಮಿತಿಯನ್ನು ತೆಗೆಯಲಿಲ್ಲ. ನಿಲ್ಲಿಸಿದ ಪ್ರತಿಯೊಂದನ್ನೂ ಬೇರೆ ಕಡೆ ಕಾದಿರಿಸಿ, ಹಳೆಯ ಕಂಪ್ಯೂಟರಿಗೆ ಕಳಿಸಿ, ತನ್ನ ಹೊತ್ತಿನಲ್ಲಿ ಮುಗಿಸಲು ಬಿಡುವ ಹಾಗೆ ಮಾಡಿದ್ದೇನೆ.

ನನ್ನ ಮೇಲೆ ನಿನಗೆ ಬಂದ ಸಂಶಯ ಹೋಯಿತೋ ಎಂದು ಅಂದು ಕೇಳಬೇಕೆಂದಿದ್ದೆ, ಧೈರ್ಯ ಬರಲಿಲ್ಲ. ಬೋರ್ಡಿನಲ್ಲಿ ಏನಾಯಿತೆಂದು ಬರಿ. ಅಷ್ಟು ಸಾಕು.

ಬಸ್ಸಿನ ಕಿಟಕಿಯಿಂದ ಗುಡ್ಡ ನೋಡುತ್ತ ಬಂದ,
ದೀಪಾ

*

ಕುಂಟಾಲುಮೂಲೆ
5 ಮೇ 2012

ದೀಪಾ,

ತಡವಾಯಿತು. ಬೋರ್ಡಿನ ಕತೆ ಮುಗಿಯಲಿ, ಆಮೇಲೆ ಬರೆಯೋಣ ಎಂದು ಕಾದೆ. ಅನುಮತಿ ಕೊಡಲಿಲ್ಲ. ಕೊಡುವುದೇ ಇಲ್ಲ ಎಂದೂ ಹೇಳಲಿಲ್ಲ. ಜಿಲ್ಲೆಯವರು ಬಂದು ಹೊಸದಾಗಿ ಪರೀಕ್ಷೆ ಮಾಡಬೇಕು, ಅಲ್ಲಿಯವರೆಗೆ ಪದವಿನಲ್ಲಿ ಕಲ್ಲು ಮುಟ್ಟಬಾರದು ಎಂದು ನಿರ್ಣಯವಾಯಿತು. ನಿನ್ನ ಅಣ್ಣ ಮೇಲಿನವರಿಗೆ ಅಪೀಲು ಹಾಕುತ್ತಾರಂತೆ. ಹಾಕಲಿ, ಅದು ಅವರ ಹಕ್ಕು. ದಾರಿಯಲ್ಲಿ ಸಿಕ್ಕಿದರೆ ನನ್ನ ಹತ್ತಿರ ಈಗಲೂ ಮಾತಾಡುತ್ತಾರೆ, ನಿನ್ನ ಹೆಸರು ಮಾತ್ರ ಎತ್ತುವುದಿಲ್ಲ. ನಾನು ಎತ್ತಿದೆ. ಅವರು ಬೈಕು ಸ್ಟಾರ್ಟ್ ಮಾಡಿದರು.

ನನಗೆ ಮುಂದಿನ ಸಲ ಓಟು ಬೀಳುವುದು ಸಂಶಯ. ಕೆಲಸ ತಪ್ಪಿಸಿದ ಮೆಂಬರ್ ಎಂಬ ಹೆಸರು ಬಂದಾಯಿತು. ನನ್ನ ಗಂಡ ಲಾರಿ ತೆಗೆದುಕೊಂಡು ಉಪ್ಪಳದ ಕಡೆ ಕೆಲಸಕ್ಕೆ ಹೋಗುತ್ತಾನೆ, ವಾರಕ್ಕೊಮ್ಮೆ ಬರುತ್ತಾನೆ. ಬಂದಾಗ ಮೊದಲು ಮಾಡುವುದು ಕೊಳಾಯಿಯ ಕೆಳಗೆ ತಲೆ ಒಡ್ಡುವುದು. "ಎಂತ ತಂಪು ಮಾರಾಯ್ತಿ, ಅಲ್ಲಿ ಟ್ಯಾಂಕರಿನ ನೀರು" ಎನ್ನುತ್ತಾನೆ. ಅವನ ಬಾಯಿಯಿಂದ ಬಂದ ರಾಜಿಯ ಮಾತು ಅದೊಂದೇ, ಆದರೆ ನನಗೆ ಅದೇ ದೊಡ್ಡದು.

ಸಂಶಯ ಹೋಯಿತೋ ಎಂದು ಕೇಳಿದೆಯಲ್ಲ. ಸಭೆಯ ದಿನ ನೀನು ಅಣ್ಣನ ಕಡೆ ನೋಡಿ ಇಲ್ಲ ಎಂದಾಗಲೇ ಹೋಯಿತು. ಅಂದೇ ಹೇಳಬೇಕಾಗಿತ್ತು. ನೀನು ಮನೆಯ ಕಡೆ ಹೊರಟಾಗ ನಾನು ತಡೆಯಲಿಲ್ಲ, ನಿನ್ನ ಮನೆಗೆ ನೀನು ಹೋಗುತ್ತಿದ್ದೀಯ ಎಂದುಕೊಂಡೆ. ಊಟವೂ ಇಲ್ಲದೆ ಆ ಬಿಸಿಲಿನಲ್ಲಿ ಪೆರ್ಲದವರೆಗೆ ನಡೆದೆ ಎಂದು ಓದಿ ಎರಡು ದಿನ ಅನ್ನ ಸೇರಲಿಲ್ಲ. ನಮ್ಮ ಮನೆ ದಾಟಿಯೇ ಅಲ್ಲವೇ ನೀನು ಹೋದದ್ದು?

ಆಗ ಒಂದು ವಿಷಯ ತಲೆಗೆ ಬಂತು. ಇಷ್ಟು ವರ್ಷ ನನ್ನ ಜೊತೆ ಕೂತೆ, ಕಾಪಿ ಹೊಡೆದೆ, ಒಂದೇ ಕೊಡೆಯಲ್ಲಿ ಶಾಲೆಗೆ ಹೋದೆ. ಸುರಂಗ ಅಳೆಯಲು ಬಂದಾಗಲೂ ನಮ್ಮ ಅಂಗಳದಲ್ಲಿ ನಿಂತು, ಬಾಟಲಿಯಲ್ಲಿ ನಿಮ್ಮ ಮನೆಯಿಂದ ತಂದ ನೀರು ಕುಡಿದೆ. ನಮ್ಮ ಮನೆಯ ನೀರನ್ನು ನೀನು ಒಮ್ಮೆಯೂ ಕುಡಿದದ್ದಿಲ್ಲ. ನೀನು ಕೇಳಲಿಲ್ಲ, ನಾನೂ ಕೊಡಲಿಲ್ಲ. ಭಟ್ರ ಮನೆಯ ಮಗಳಿಗೆ ಕೊಡುವಂಥದ್ದಲ್ಲ ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಗೊತ್ತೇ ಇತ್ತು. ಆ ನೀರಿಗೋಸ್ಕರ ನೀನು ಮನೆ ಕಳೆದುಕೊಂಡೆ.

ರಜೆ ಬಂದಾಗ ಹಾಸ್ಟೆಲಿನಲ್ಲಿ ಒಬ್ಬಳೇ ಕೂರಬೇಡ. ಇಲ್ಲಿಗೆ ಬಾ. ಚಾವಡಿಯ ಪಕ್ಕದ ಕೋಣೆ ಖಾಲಿ ಇದೆ, ಫ್ಯಾನು ಹಾಕಿಸಿದ್ದೇನೆ. ನೀನಿರುವಷ್ಟು ದಿನ ಮೀನು ತರುವುದಿಲ್ಲ. ನಿನಗೆಂದು ಪೆರ್ಲದಿಂದ ಹೊಸ ಸ್ಟೀಲ್ ಲೋಟ ತಂದು ಕಪಾಟಿನಲ್ಲಿ ಇಟ್ಟಿದ್ದೇನೆ. ಇಲ್ಲಿ ಯಾರೂ ಅದನ್ನು ಮುಟ್ಟಿಲ್ಲ.

ದಾರಿ ನೋಡುವ,
ಲೋಲಾಕ್ಷಿ

*

(ಅಂಚೆ ಕಾರ್ಡು)

ಕಲ್ಲಿಕೋಟೆ
12 ಮೇ 2012

ಲೋಲಾ,

ಮುಂದಿನ ಶನಿವಾರದ ರೈಲಿಗೆ ಹೊರಟು ಕಾಸರಗೋಡಿನಲ್ಲಿ ಬಸ್ಸು ಹಿಡಿಯುತ್ತೇನೆ, ಸಂಜೆಗೆ ಮುಟ್ಟುತ್ತೇನೆ. ಊಟಕ್ಕೆ ನನ್ನದೂ ಸೇರಿಸಿ ಅಕ್ಕಿ ಹಾಕು. ನಿನ್ನ ಗಂಡ ಬರುವುದೇ ವಾರಕ್ಕೊಮ್ಮೆ, ಮೀನು ತಪ್ಪಿಸಬೇಡ, ನಾನು ನನ್ನಷ್ಟಕ್ಕೆ ಸಾರು ಅನ್ನ ಉಣ್ಣುತ್ತೇನೆ.

ಹೊಸ ಲೋಟ ಬೇಡ. ನೀವೆಲ್ಲ ಕುಡಿಯುವುದರಲ್ಲೇ ಕೊಡು.

ದೀಪಾ